ರಾಜೀನಾಮೆ ಬರೆದುಕೊಡಿ ಅಂತಿದ್ದಾರೆ, ಏನ್ ಮಾಡ್ಲಿ?

ನಾನು ಕಾರ್ಮಿಕ ಕೇಸುಗಳನ್ನು ನಡೆಸುವ ವಕೀಲ. ಗುರುತಿನವರು, ಅವರ ಗುರುತಿನವರು ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. "ಎಚ್‌ಆರ್ ಕರೆಸಿದ್ರು ಸರ್. ಇವತ್ತೇ ರಾಜೀನಾಮೆ ಕೊಟ್ರೆ ಮರ್ಯಾದೆಯಿಂದ ಕಳಿಸ್ತೀವಿ, ಇಲ್ಲಾಂದ್ರೆ ಟರ್ಮಿನೇಟ್ ಮಾಡ್ತೀವಿ ಅಂತಿದ್ದಾರೆ. ಬರೆದುಕೊಟ್ಬಿಡ್ಲಾ?" ಕೆಲವರು ಆಫೀಸಿನ ಕಾರಿಡಾರಿನಲ್ಲೇ ನಿಂತು ಪಿಸುಗುಡುತ್ತಾ ಕೇಳುತ್ತಾರೆ. ಒಳಗೆ ಎಚ್‌ಆರ್‌ನವರು ಕಾಯುತ್ತಿರುತ್ತಾರೆ.

ಆ ರೂಮಿನಲ್ಲಿ, ಆ ದಿನ ಬೇಡ. ಇದು ನನ್ನ ಉತ್ತರ. ಆಮೇಲೆ ಕೊಡಬಹುದೋ ಏನೋ, ಅದನ್ನು ಕೂತು ಲೆಕ್ಕ ಹಾಕಿ ನೋಡೋಣ.

ಕಾರಣ ಸರಳ. ಕಂಪನಿ ನಿಮ್ಮನ್ನು ತೆಗೆದರೆ ದುಡ್ಡು ಕೊಡಬೇಕು, ಕಾರಣ ಹೇಳಬೇಕು. ನೀವಾಗಿಯೇ ಬಿಟ್ಟರೆ ಎರಡೂ ಬೇಕಿಲ್ಲ. "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ" ಅನ್ನುವ ಒಂದು ಸಾಲನ್ನು ಅಷ್ಟು ಅವಸರದಲ್ಲಿ ಬರೆಸಿಕೊಳ್ಳುವುದು ಅದಕ್ಕೇ. ನಿಮ್ಮ ಮೇಲಿನ ಕಾಳಜಿಯಿಂದಲ್ಲ.

ಲೆಕ್ಕ ಹೀಗಿದೆ. 2025ರ ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೈಗಾರಿಕಾ ಸಂಬಂಧಗಳ ಸಂಹಿತೆ ಅದರಲ್ಲೊಂದು. 1947ರ ಹಳೆಯ ಕಾಯ್ದೆಯಲ್ಲಿದ್ದ ಒಂದು ನಿಯಮ ಇದರಲ್ಲೂ ಉಳಿದಿದೆ. ಒಂದು ವರ್ಷ ಸತತವಾಗಿ ಕೆಲಸ ಮಾಡಿದವರನ್ನು (12 ತಿಂಗಳಲ್ಲಿ 240 ದಿನ ದುಡಿದಿದ್ದರೂ ಒಂದು ವರ್ಷ ಅಂತಲೇ ಲೆಕ್ಕ) ಅವರ ತಪ್ಪಿಲ್ಲದೆ ತೆಗೆದುಹಾಕುವುದಾದರೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು. ಅದರ ಮೇಲೆ, ದುಡಿದ ಪ್ರತಿ ವರ್ಷಕ್ಕೂ 15 ದಿನದ ಸಂಬಳ ಪರಿಹಾರ. ಕೊನೆಯ ವರ್ಷ ಆರು ತಿಂಗಳು ದಾಟಿದ್ದರೆ ಅದನ್ನೂ ಪೂರ್ತಿ ವರ್ಷ ಅಂತಲೇ ಹಿಡಿಯುತ್ತಾರೆ. ತಿಂಗಳಿಗೆ 30,000 ಸಂಬಳ, ಆರು ವರ್ಷ ಏಳು ತಿಂಗಳ ಕೆಲಸ ಅಂತಿಟ್ಟುಕೊಳ್ಳಿ. ಪರಿಹಾರ 1,05,000, ನೋಟಿಸ್ ಬದಲು 30,000. ಒಟ್ಟು 1,35,000 ರೂಪಾಯಿ. ರಾಜೀನಾಮೆಗೆ ಸಹಿ ಹಾಕಿದ ಕೂಡಲೇ ಈ ಪರಿಹಾರದ ಹಕ್ಕು ಕೈಬಿಟ್ಟು ಹೋಗುತ್ತದೆ.

ಇಲ್ಲೇ ಇನ್ನೊಂದು ಆಟ ನಡೆಯುತ್ತದೆ. "ಸುಮ್ನೆ ಕಳಿಸಲ್ಲ, ಒಳ್ಳೇ ಪ್ಯಾಕೇಜ್ ಕೊಡ್ತೀವಿ" ಅಂತ ಒಂದು ಹಾಳೆ ಮುಂದಿಡುತ್ತಾರೆ. ಮೊತ್ತ ನೋಡಿ ಖುಷಿಯಾಗುತ್ತದೆ. ಒಂದೊಂದೇ ಸಾಲು ಓದಿ. ಗ್ರಾಚುಟಿ, ಉಳಿದ ರಜೆಯ ದುಡ್ಡು, ಈ ತಿಂಗಳು ದುಡಿದ ದಿನಗಳ ಸಂಬಳ. ಇವೆಲ್ಲ ಆಗಲೇ ನಿಮ್ಮದು, ಅಲ್ವಾ? ಐದು ವರ್ಷ ತುಂಬಿದವರಿಗೆ ರಾಜೀನಾಮೆ ಕೊಟ್ಟರೂ ಗ್ರಾಚುಟಿ ಬರುತ್ತದೆ. ನಿಮ್ಮ ದುಡ್ಡನ್ನೇ ನಿಮಗೆ ಕೊಡುವುದಕ್ಕೆ ಪ್ಯಾಕೇಜ್ ಅಂತ ಹೆಸರು. ಇವನ್ನೆಲ್ಲ ಕಳೆದು ಉಳಿದದ್ದೆಷ್ಟೋ ಅದೇ ನಿಜವಾದ ಆಫರ್. ಎಷ್ಟೋ ಸಲ ಉಳಿಯುವುದು ಸೊನ್ನೆ.

ಹೆಚ್ಚಿನವರು ಸಹಿ ಹಾಕುವುದು ದುಡ್ಡಿನ ಆಸೆಗಲ್ಲ, ಹೆದರಿಕೆಗೆ. "ಟರ್ಮಿನೇಷನ್ ಅಂತ ಬಂದ್ರೆ ಮುಂದೆ ಎಲ್ಲೂ ಕೆಲಸ ಸಿಗಲ್ಲ." ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಆದರೆ ತೆಗೆಯುವುದರಲ್ಲಿ ಎರಡು ಬಗೆ. ಕೆಲಸ ಕಡಿಮೆಯಾಯಿತು, ಜನ ಜಾಸ್ತಿಯಾದರು ಅಂತ ತೆಗೆದರೆ ಅದು ನಿಮ್ಮ ಮೇಲಿನ ಕಳಂಕ ಅಲ್ಲ. ಪತ್ರದಲ್ಲೂ ಹಾಗೇ ಬರೆದಿರುತ್ತದೆ. ದುರ್ನಡತೆ ಅಂತ ತೆಗೆಯಬೇಕಾದರೆ ಆರೋಪ ಪಟ್ಟಿ ಕೊಡಬೇಕು, ವಿಚಾರಣೆ ನಡೆಸಬೇಕು, ನಿಮ್ಮ ಮಾತು ಕೇಳಬೇಕು. ನಿಮ್ಮ ವಿರುದ್ಧ ಅಂಥದ್ದೇನಾದರೂ ಗಟ್ಟಿಯಾಗಿ ಇದ್ದಿದ್ದರೆ ರಾಜೀನಾಮೆಗಾಗಿ ಇಷ್ಟೊಂದು ಗೋಗರೆಯುತ್ತಿರಲಿಲ್ಲ.

ಹಾಗಾದರೆ ಆ ರೂಮಿನಲ್ಲಿ ಏನು ಹೇಳಬೇಕು? ಜಗಳ ಬೇಡ, ಕೂಗಾಟ ಬೇಡ. "ಯೋಚನೆ ಮಾಡಿ ತಿಳಿಸ್ತೀನಿ, ನಿಮ್ಮ ಆಫರ್ ಮೇಲ್‌ನಲ್ಲಿ ಕಳಿಸಿ" ಅಂದು ಎದ್ದು ಬನ್ನಿ. ಅವತ್ತೇ ರಾತ್ರಿ ಎಚ್‌ಆರ್‌ಗೆ ನಾಲ್ಕು ಸಾಲು ಬರೆಯಿರಿ, ನಿಮ್ಮ ಸ್ವಂತ ಮೇಲ್‌ಗೂ ಒಂದು ಪ್ರತಿ ಹೋಗಲಿ. "ಇವತ್ತು ಮೂರು ಗಂಟೆಗೆ ನಡೆದ ಮೀಟಿಂಗ್‌ನಲ್ಲಿ ನನ್ನನ್ನು ರಾಜೀನಾಮೆ ಕೊಡುವಂತೆ ಕೇಳಲಾಯಿತು. ನನಗೆ ರಾಜೀನಾಮೆ ಕೊಡುವ ಉದ್ದೇಶವಿಲ್ಲ. ಎಂದಿನಂತೆ ನಾಳೆ ಕೆಲಸಕ್ಕೆ ಬರುತ್ತೇನೆ." ಇಷ್ಟೇ. ಕೋಪ, ಭಾವನೆ, ಕಂಪನಿಗೆ ಮಾಡಿದ ತ್ಯಾಗದ ಕಥೆ ಯಾವುದೂ ಬೇಡ. ಮುಂದೆ ವರ್ಷಗಟ್ಟಲೆ ಕೇಸ್ ನಡೆದರೂ ಫೈಲ್‌ನಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬರುವ ಕಾಗದ ಇದೇ.

ಬರೆದುಕೊಟ್ಟು ಆಗಿಹೋಗಿದ್ದರೆ? ಅಂಗೀಕಾರ ನಿಮಗೆ ತಿಳಿಸುವ ಮೊದಲೇ ಲಿಖಿತವಾಗಿ ವಾಪಸ್ ಪಡೆಯಿರಿ. ಕೊಂಕಣ ರೈಲ್ವೆಯ ನೌಕರರೊಬ್ಬರ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಆಫೀಸಿನೊಳಗೆ ಫೈಲ್ ಮೇಲೆ ಅಂಗೀಕರಿಸಿದ್ದೇವೆ ಅಂತ ಬರೆದುಕೊಂಡರೆ ಸಾಲದು, ಅದು ನೌಕರನಿಗೆ ಮುಟ್ಟಬೇಕು. ಆದರೆ ಈಗಿನ ಕಂಪನಿಗಳು ಇದರಲ್ಲಿ ಚುರುಕು. ಅರ್ಧ ಗಂಟೆಯಲ್ಲಿ ಅಂಗೀಕಾರದ ಮೇಲ್ ಬಂದುಬಿಡುತ್ತದೆ. ಆಮೇಲೆ ಒತ್ತಡ ಹಾಕಿ ಬರೆಸಿಕೊಂಡರು ಅಂತ ಸಾಬೀತು ಮಾಡುವ ಭಾರ ನಿಮ್ಮ ಮೇಲೆ. ಆಗುವುದಿಲ್ಲ ಅಂತಲ್ಲ, ಕಷ್ಟ.

"ನನ್ನ ಕಾರ್ಡಿನಲ್ಲಿ ಮ್ಯಾನೇಜರ್ ಅಂತಿದೆ, ನನಗೆ ಇದೆಲ್ಲ ಅನ್ವಯಿಸುತ್ತಾ?" ಅಂತಲೂ ಕೇಳುತ್ತಾರೆ. ಕೋರ್ಟ್ ಕಾರ್ಡ್ ನೋಡುವುದಿಲ್ಲ, ಕೆಲಸ ನೋಡುತ್ತದೆ. ನಿಮ್ಮ ಕೈಕೆಳಗೆ ಯಾರೂ ಇಲ್ಲ, ರಜೆ ಮಂಜೂರು ಮಾಡುವ ಅಧಿಕಾರವೂ ಇಲ್ಲ, ದಿನವಿಡೀ ಮಾಡುವುದು ತಾಂತ್ರಿಕ ಅಥವಾ ಗುಮಾಸ್ತರ ಕೆಲಸ ಅಂದರೆ ನೀವು ಕಾರ್ಮಿಕರೇ. ನಿಜವಾಗಿಯೂ ಆಡಳಿತದ ಕೆಲಸ ಮಾಡುವವರಾಗಿದ್ದರೆ, ಇಲ್ಲವೇ ಮೇಲ್ವಿಚಾರಣೆ ಮಾಡುವವರಾಗಿದ್ದು ತಿಂಗಳಿಗೆ 18,000ಕ್ಕಿಂತ ಹೆಚ್ಚು ಸಂಬಳವಿದ್ದರೆ ಹೊರಗುಳಿಯುತ್ತೀರಿ. ಅಂಥವರು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ನೋಡಬೇಕು. ಆರು ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣ, ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವಂತಿಲ್ಲ ಅನ್ನುತ್ತದೆ ಅದು. ಆಡಳಿತದ ಮೇಲ್‌ಸ್ಥಾನದಲ್ಲಿದ್ದರೆ ಅದೂ ಸಿಗುವುದಿಲ್ಲ, ನೇಮಕಾತಿ ಪತ್ರದಲ್ಲಿ ಏನಿದೆಯೋ ಅಷ್ಟೇ.

ಕೆಲಸದಿಂದ ತೆಗೆದೇಬಿಟ್ಟರು ಅಂದರೆ ಮೊದಲ ಬಾಗಿಲು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿಯ ಕಚೇರಿ. ಅರ್ಜಿ ಕೊಡಲು ನನ್ನಂಥ ವಕೀಲರೇ ಬೇಕು ಅಂತೇನಿಲ್ಲ. ಹಳೆಯ ಕಾಯ್ದೆಯಲ್ಲಿ ಮೂರು ವರ್ಷ ಇದ್ದ ಗಡುವು ಈಗ ಎರಡು ವರ್ಷಕ್ಕೆ ಇಳಿದಿದೆ. ನೋಡೋಣ ನೋಡೋಣ ಅಂತ ಕೂರಬೇಡಿ. ಬಾಕಿ ಸಂಬಳಕ್ಕೂ ಗಡುವಿದೆ. "ಫೈನಲ್ ಸೆಟ್ಲ್‌ಮೆಂಟಿಗೆ 45 ದಿನ ಆಗುತ್ತೆ" ಅನ್ನುವುದು ಎಚ್‌ಆರ್ ರೂಢಿ. ವೇತನ ಸಂಹಿತೆಯ ಪ್ರಕಾರ, ತೆಗೆದರೂ ಸರಿ, ಬಿಟ್ಟರೂ ಸರಿ, ಎರಡು ಕೆಲಸದ ದಿನಗಳೊಳಗೆ ಸಂಬಳ ಕೊಡಬೇಕು. ಗ್ರಾಚುಟಿಗೆ 30 ದಿನ.

ಕೆಲವರಿಗೆ ನಾನೇ ಸಹಿ ಹಾಕಿ ಅಂದದ್ದಿದೆ. ಕಾನೂನು ಕೊಡಿಸುವುದಕ್ಕಿಂತ ಜಾಸ್ತಿ ದುಡ್ಡು ಲಿಖಿತವಾಗಿ, ತಾರೀಖು ಸಮೇತ ಬಂದಿದ್ದರೆ, ಬೇರೆ ಕೆಲಸ ಕೈಯಲ್ಲಿದ್ದರೆ, ಕೋರ್ಟು ಅಲೆಯುವ ಮನಸ್ಸಿಲ್ಲದಿದ್ದರೆ ಯಾಕೆ ಬೇಡ? ಆಗಲೂ "ವೈಯಕ್ತಿಕ ಕಾರಣ" ಬರೆಯಬೇಡಿ, "ಕಂಪನಿಯ ಆಫರ್ ಒಪ್ಪಿ" ಅಂತ ಬರೆಯಿರಿ.

ಮೀಟಿಂಗ್‌ಗೆ ಕರೆ ಬರಬಹುದು ಅನ್ನುವ ವಾಸನೆ ಬಡಿದ ದಿನವೇ ನೇಮಕಾತಿ ಪತ್ರ, ಪೇ ಸ್ಲಿಪ್, ಇಂಕ್ರಿಮೆಂಟ್ ಪತ್ರಗಳ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ಆ ರೂಮಿನಿಂದ ಸೀಟಿಗೆ ಮರಳುವಷ್ಟರಲ್ಲಿ ಲಾಗಿನ್ ಬಂದ್ ಆಗಿರುತ್ತದೆ. ಕಂಪನಿಯ ಕೋಡ್, ಗ್ರಾಹಕರ ಪಟ್ಟಿ ಮಾತ್ರ ಮುಟ್ಟಲೇಬೇಡಿ. ಅಲ್ಲಿಯವರೆಗೆ ಅವರ ಕೈಯಲ್ಲಿಲ್ಲದ ದುರ್ನಡತೆಯ ಆರೋಪವನ್ನು ನೀವೇ ಒದಗಿಸಿಕೊಟ್ಟಂತಾಗುತ್ತದೆ.