ಶರಾವತಿಯ ರಟ್ಟಿನ ಮಾದರಿ: ಹಿನ್ನೀರಿನಲ್ಲಿ ಕಳೆದುಹೋದ ನೂಲು

ನವೆಂಬರ್ 2, ಭಾನುವಾರ

ಅಂಬುತೀರ್ಥದಿಂದ ಹೊನ್ನಾವರದವರೆಗಿನ ಶರಾವತಿಯನ್ನು ರಟ್ಟಿನಲ್ಲಿ ಕಟ್ಟುತ್ತೇನೆಂದು ಹೊರಟು ಐದು ವಾರವಾಯಿತು. ಪಡಸಾಲೆಯ ಮಂಚ ಗೋಡೆಗೆ ಸರಿದಿದೆ. ಅದರ ಜಾಗದಲ್ಲಿ ಮೂರು ಪ್ಲೈವುಡ್ ಹಲಗೆಗಳು ಸಾಲಾಗಿ ಮಲಗಿವೆ. ಒಂದರ ಮೇಲೆ ನದಿಯ ತಲೆ, ನಡುವಿನದರ ಮೇಲೆ ಲಿಂಗನಮಕ್ಕಿಯ ಹಿನ್ನೀರು, ಮೂರನೆಯದರ ಮೇಲೆ ಜೋಗದಿಂದ ಕಡಲಿನವರೆಗಿನ ಭಾಗ. ಮನೆಯವರು ಅಡುಗೆಮನೆಗೆ ಹೋಗಬೇಕಾದರೆ ಘಟ್ಟ ದಾಟಬೇಕು.

ಲೆಕ್ಕ ಹೀಗಿದೆ. ಪ್ರಮಾಣ 1:50,000, ಅಂದರೆ ಒಂದು ಕಿಲೋಮೀಟರ್‌ಗೆ ಎರಡು ಸೆಂಟಿಮೀಟರ್. ಸರ್ವೇ ಆಫ್ ಇಂಡಿಯಾದ ನಕ್ಷೆಯಲ್ಲಿ ಸಮೋನ್ನತ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು, 20 ಮೀಟರಿಗೊಂದು ಇರುತ್ತವೆ. ಪ್ರತಿ ರೇಖೆಗೆ 2 ಮಿ.ಮೀ. ದಪ್ಪದ ಒಂದು ರಟ್ಟು. ನ್ಯಾಯವಾಗಿ ಅದು 0.4 ಮಿ.ಮೀ. ಇರಬೇಕಿತ್ತು, ಹಾಗಾಗಿ ನನ್ನ ಗುಡ್ಡಗಳೆಲ್ಲ ಐದು ಪಟ್ಟು ಎತ್ತರ. ಇದು ಮೋಸ ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಮೋಸ ಮಾಡದಿದ್ದರೆ ಜೋಗ ಜಲಪಾತ ಐದು ಮಿಲಿಮೀಟರ್ ಎತ್ತರವಿರುತ್ತಿತ್ತು. ಈಗ ಹತ್ತು ಮೀಟರಿಗೆ ಒಂದು ಮಿಲಿಮೀಟರ್ ಎಂಬ ಸುಲಭದ ಲೆಕ್ಕ ಸಿಕ್ಕಿದೆ. ಮೇಲಿನ ಎರಡು ಹಲಗೆಗಳಲ್ಲಿ 480 ಮೀಟರ್‌ವರೆಗೆ ಥರ್ಮೋಕೋಲ್ ತುಂಬಿದ್ದೇನೆ, ಇಲ್ಲದಿದ್ದರೆ ಯಾರಿಗೂ ಕಾಣದ 24 ರಟ್ಟುಗಳನ್ನು ಕತ್ತರಿಸಬೇಕಿತ್ತು.

ನವೆಂಬರ್ 16, ಭಾನುವಾರ

ಮೊದಲ ಹಲಗೆ ಮುಗಿಯಿತು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದನೆಂಬುದು ಸ್ಥಳಪುರಾಣ. ಅಂಬು ಎಂದರೂ ಬಾಣ, ಶರ ಎಂದರೂ ಬಾಣ. ಆದರೆ ಈ ಬಾಣ ಹೋಗುವ ದಿಕ್ಕೇ ವಿಚಿತ್ರ. ಕಡಲು ಇರುವುದು ಪಶ್ಚಿಮಕ್ಕೆ. ನದಿಯೋ ಘಟ್ಟದ ನೆತ್ತಿಯ ಹಿಂದೆ, ಕರಾವಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ವಾಯವ್ಯಕ್ಕೆ ಸಾಗುತ್ತದೆ. ದಾರಿಯಲ್ಲಿ ಬಲಕ್ಕೆ ಹರಿದ್ರಾವತಿಯನ್ನೂ ಎಡಕ್ಕೆ ಎಣ್ಣೆಹೊಳೆಯನ್ನೂ ಕೂಡಿಸಿಕೊಂಡು, ಜೋಗದ ಹತ್ತಿರ ಬಂದ ಮೇಲಷ್ಟೇ ಪಶ್ಚಿಮಕ್ಕೆ ತಿರುಗಿ ಅಂಚಿನಿಂದ ಧುಮುಕುತ್ತದೆ.

ಈ ಮಾತನ್ನು ಎಷ್ಟೋ ಸಲ ಓದಿದ್ದೆ. ರಟ್ಟು ಕತ್ತರಿಸುವಾಗಲೇ ಅದು ಕೈಗೆ ತಿಳಿದದ್ದು. ಕೊಡಚಾದ್ರಿಗೆ ಥರ್ಮೋಕೋಲ್ ಮೇಲೆ 43 ರಟ್ಟು ಬೇಕಾಯಿತು. 1343 ಮೀಟರ್, ನನ್ನ ಹಲಗೆಯ ಮೇಲೆ ಹದಿಮೂರೂವರೆ ಸೆಂಟಿಮೀಟರ್. ಅದರ ಪಶ್ಚಿಮ ಮಗ್ಗುಲಲ್ಲಿ ಒಂದರ ಮೇಲೊಂದು ರಟ್ಟಿನ ಅಂಚುಗಳು ಗೋಡೆಯಂತೆ ಕೂತವು, ಕಟರ್ ಚಾಕುವಿಗೆ ಸಂದಿಯೇ ಇಲ್ಲ. ಪೂರ್ವದ ಕಡೆ ಅವೇ ಅಂಚುಗಳು ಹರಡಿಕೊಂಡವು. ಆ ನೆತ್ತಿಯ ಮೇಲೆ ಬಿದ್ದ ಮಳೆಹನಿ ಪಶ್ಚಿಮಕ್ಕೆ ಜಾರಿದರೆ ಸೌಪರ್ಣಿಕೆಯಾಗಿ ಕೊಲ್ಲೂರಿನ ಮೇಲೆ ಹಾದು ಮರವಂತೆಯ ಬಳಿ ಕಡಲು ಸೇರಿಬಿಡುತ್ತದೆ. ಪೂರ್ವಕ್ಕೆ ಜಾರಿದರೆ ಲಿಂಗನಮಕ್ಕಿಯಲ್ಲಿ ತಿಂಗಳುಗಟ್ಟಲೆ ಕಾದು, ಟರ್ಬೈನ್ ತಿರುಗಿಸಿ, ಹೊನ್ನಾವರ ಸುತ್ತಿಕೊಂಡು ಅದೇ ಕಡಲಿಗೆ ಹೋಗಬೇಕು. ಅಷ್ಟು ಸಾಲದೆಂದು ಪಕ್ಕದ ಚಕ್ರಾ ಮತ್ತು ಸಾವೆಹಕ್ಲು ಜಲಾಶಯಗಳ ನೀರನ್ನೂ ಲಿಂಗನಮಕ್ಕಿಗೆ ತಿರುಗಿಸಿದ್ದಾರೆ. ಮಾದರಿಯಲ್ಲಿ ಆ ಕಾಲುವೆಯನ್ನು ಕೆಂಪು ದಾರದಲ್ಲಿ ತೋರಿಸಿದ್ದೇನೆ.

ನವೆಂಬರ್ 30, ಭಾನುವಾರ

ಕೆಲಸ ನಿಂತಿದೆ.

ನದಿಗೆ ನೀಲಿ ನೂಲು ಅಂಟಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ಉದ್ದ 128 ಕಿ.ಮೀ., ಅಂದರೆ 2.56 ಮೀಟರ್ ನೂಲು. ಮೊದಲ ಹಲಗೆಯಲ್ಲಿ ನೂಲು ಸಲೀಸಾಗಿ ಕೂತಿತು. ಎರಡನೆಯ ಹಲಗೆಗೆ ಬಂದ ಮೇಲೆ ಅದನ್ನು ಎಲ್ಲಿ ಇಡುವುದು? ನಕ್ಷೆಯಲ್ಲಿರುವುದು ಕೈಬೆರಳುಗಳಂತೆ ಹರಡಿದ ನೀಲಿ ಬಣ್ಣ, ಸುಮಾರು 300 ಚದರ ಕಿಲೋಮೀಟರ್. ಅದರೊಳಗೆ ನದಿ ಎಂಬ ಗೆರೆಯೇ ಇಲ್ಲ. ನಡುಮಧ್ಯದಲ್ಲಿ ಎಳೆದುಬಿಡು ಎಂದು ಮಗಳು ಸಲಹೆ ಕೊಟ್ಟಳು. ಎಳೆದೆ. ಸುಳ್ಳು ಹೇಳಿದ ಹಾಗೆ ಕಾಣಿಸಿತು, ಕಿತ್ತೆ. ಕಿತ್ತಾಗ ರಟ್ಟಿನ ಮೇಲ್ಪದರವೂ ಎದ್ದು ಬಂತು.

ಡಿಸೆಂಬರ್ 14, ಭಾನುವಾರ

ಅಣೆಕಟ್ಟಿಗೆ ಮೊದಲಿನ, ಮೈಲಿಗೊಂದು ಇಂಚಿನ ಹಳೆಯ ಸರ್ವೇ ಹಾಳೆಗಳ ನಕಲು ಸಿಕ್ಕಿತು. ಅದನ್ನು ನನ್ನ ಪ್ರಮಾಣಕ್ಕೆ ತರಲು 127 ಶೇಕಡಾಕ್ಕೆ ಹಿಗ್ಗಿಸಬೇಕು. ಜೆರಾಕ್ಸ್ ಅಂಗಡಿಯ ಯಂತ್ರ ಉದ್ದಕ್ಕೆ ಸರಿಯಾಗಿ ಹಿಗ್ಗಿಸಿ ಅಗಲಕ್ಕೆ ಒಂದಿಷ್ಟು ಉಳಿಸಿಕೊಂಡಿತ್ತು. ಮನೆಗೆ ಬಂದು ಟ್ರೇಸಿಂಗ್ ಹಾಳೆ ಹಾಸಿದರೆ ಒಂದೇ ಗುಡ್ಡಕ್ಕೆ ಎರಡು ತಲೆ. ಮತ್ತೆ ಮಾಡಿಸಿದೆ. ಮೇಲಿಂದ 14 ಡಿಗ್ರಿ ಅಕ್ಷಾಂಶ, 75 ಡಿಗ್ರಿ ರೇಖಾಂಶ ಕೂಡುವ ಜಾಗ ಹಿನ್ನೀರಿನ ಆಸುಪಾಸಿನಲ್ಲೇ ಬರುತ್ತದೆ. ನಾಲ್ಕು ಹಾಳೆಗಳ ಮೂಲೆಗಳು ಅಲ್ಲೇ ಸೇರಬೇಕು. ನನ್ನ ಪ್ರತಿಗಳಲ್ಲಿ ಅವು ಸೇರುವುದಿಲ್ಲ, ಜಗಳವಾಡಿದ ದಾಯಾದಿಗಳಂತೆ ಒಂದೆರಡು ಮಿಲಿಮೀಟರ್ ದೂರ ನಿಲ್ಲುತ್ತವೆ.

ಆದರೂ ಹೊಳೆ ಸಿಕ್ಕಿತು. ತಿರುವು ತಿರುವಾಗಿ, ಎರಡೂ ದಂಡೆಯಲ್ಲಿ ಗದ್ದೆಬಯಲು, ಊರಿನ ಹೆಸರುಗಳು, ಹೊಳೆ ದಾಟುವ ಕಾಲುದಾರಿಗಳು. ಈಗ ನಿರ್ಧಾರ ಬದಲಾಯಿತು. ಹಿನ್ನೀರನ್ನು ಬಣ್ಣ ಬಳಿದು ಮುಚ್ಚುವುದಿಲ್ಲ. ಕೆಳಗೆ ಹಳೆಯ ಕಣಿವೆಯನ್ನು ಪೂರ್ತಿ ಕಟ್ಟಿ, ಅದರ ಮೇಲೆ ಎತ್ತಿ ತೆಗೆಯಬಹುದಾದ ಅಕ್ರಿಲಿಕ್ ಹಾಳೆಯನ್ನು ನೀರಾಗಿ ಕೂರಿಸುವುದು.

ಇಲ್ಲೊಂದು ಸಣ್ಣ ಅದೃಷ್ಟ ಹೇಳಲೇಬೇಕು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ, ಅಂದರೆ 554.4 ಮೀಟರ್. ಇದು 540 ಮತ್ತು 560ರ ರೇಖೆಗಳ ನಡುವೆ ಎಲ್ಲೋ ಬೀಳುತ್ತದೆ, ಅದಕ್ಕೊಂದು ರಟ್ಟಿಲ್ಲ. ತಲೆಬಿಸಿ ಮಾಡಿಕೊಂಡು ಕೂತಿದ್ದಾಗ ಹೊಳೆಯಿತು: 540ರ ಮೆಟ್ಟಿಲಿಂದ ಮೇಲಕ್ಕೆ 14.4 ಮೀಟರ್ ಎಂದರೆ ನನ್ನ ಲೆಕ್ಕದಲ್ಲಿ 1.44 ಮಿ.ಮೀ. ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್‌ನ ದಪ್ಪ 1.5 ಮಿ.ಮೀ. ಹಾಳೆಯನ್ನು 540ರ ರಟ್ಟಿನ ಮೇಲೆ ಸುಮ್ಮನೆ ಇಟ್ಟರೆ ಅದರ ಮೇಲ್ಮೈಯೇ ತುಂಬಿದ ಜಲಾಶಯ. ತಪ್ಪು ಅರುವತ್ತು ಸೆಂಟಿಮೀಟರ್ ನೀರಿನಷ್ಟು. ಅಷ್ಟು ನೀರು ಹೆಚ್ಚಾದರೆ ನಿಜವಾದ ಅಣೆಕಟ್ಟಿನಲ್ಲಿ ಗೇಟು ತೆಗೆಯುತ್ತಾರೆ, ನಾನು ಬಿಟ್ಟುಬಿಟ್ಟೆ.

300 ಚದರ ಕಿ.ಮೀ. ನನ್ನ ಪ್ರಮಾಣದಲ್ಲಿ 1200 ಚದರ ಸೆಂಟಿಮೀಟರ್. ಎರಡು ಎ4 ಕಾಗದಗಳಿಗೆ ತುಸು ಕಡಿಮೆ. ಆದರೆ ಅದರ ಅಂಚು ಕತ್ತರಿಸಲು ನಾಲ್ಕು ಸಂಜೆ ಹಿಡಿಯಿತು. ಪ್ರತಿ ಹಳ್ಳದ ಬಾಯಿಗೂ ನೀರು ನುಗ್ಗಿದೆ, ಪ್ರತಿ ಗುಡ್ಡದ ತಲೆಯೂ ನಡುಗಡ್ಡೆಯಾಗಿದೆ. ನಡುಗಡ್ಡೆಗಳಿಗಾಗಿ ಹಾಳೆಯಲ್ಲಿ ತೂತು ಕೊರೆಯಬೇಕು. ಮೊದಲ ಹಾಳೆ ಏಳನೆಯ ತೂತಿನಲ್ಲಿ ಸೀಳಿತು. ಎರಡನೆಯದಕ್ಕೆ ಗರಗಸದ ಅಲಗಿಗೆ ಮೇಣದಬತ್ತಿ ಉಜ್ಜಿಕೊಂಡೆ, ಉಳಿಯಿತು.

ಡಿಸೆಂಬರ್ 28, ಭಾನುವಾರ

ದೊಡ್ಡಪ್ಪ ಬಂದಿದ್ದರು. ಮುಳುಗಡೆಯಲ್ಲಿ ಮನೆ ಕಳೆದುಕೊಂಡು ಶಿವಮೊಗ್ಗದ ಕಡೆಗೆ ಬಂದ ಕುಟುಂಬ ಅವರದು. ಅಂಥ ಎಷ್ಟೋ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಕನ್ನಡಕ ಏರಿಸಿಕೊಂಡು ಹಾಳೆಯ ಅಂಚನ್ನೇ ನೋಡುತ್ತಾ ಕೇಳಿದರು:

“ಇದು ಯಾವ ಮಟ್ಟ?”

“ಪೂರ್ತಿ ತುಂಬಿದ್ದು ದೊಡ್ಡಪ್ಪ, 1819 ಅಡಿ.”

“ನಮ್ಮ ಕೆಳಗದ್ದೆಗೆ ಅಷ್ಟೆಲ್ಲ ಬೇಕಾಗಿರಲಿಲ್ಲ ಮಾರಾಯ. ಅದು ಮೊದಲ ಕಟ್ಟೆಗೇ ಹೋಗಿತ್ತು. ಮನೆ ಹೋದದ್ದು ಎರಡನೆಯದಕ್ಕೆ.”

ಮೊದಲ ಕಟ್ಟೆ ಎಂದರೆ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೂಡಿಡಲು 1940ರ ದಶಕದಲ್ಲಿ ಕಟ್ಟಿದ್ದು. 1949ರಲ್ಲಿ ಉದ್ಘಾಟನೆಯಾದ ಆ ವಿದ್ಯುದಾಗಾರಕ್ಕೆ ಮೊದಲಿಗೆ ಕೃಷ್ಣರಾಜೇಂದ್ರರ ಹೆಸರಿತ್ತು, ಆಮೇಲೆ ಮಹಾತ್ಮ ಗಾಂಧಿಯವರ ಹೆಸರು ಬಂತು. ಹಿರೇಭಾಸ್ಕರದಲ್ಲಿ ಹಿಡಿಯುತ್ತಿದ್ದ ನೀರು ಸುಮಾರು 25 ಟಿಎಂಸಿ ಅಡಿ. 1964ರಲ್ಲಿ ಕೆಳಗಡೆ ಲಿಂಗನಮಕ್ಕಿ ಎದ್ದಿತು, 151 ಟಿಎಂಸಿ ಅಡಿಗೂ ಮಿಕ್ಕಿ ಹಿಡಿಯುವಂಥದ್ದು. ಊರುಗಳ ಜೊತೆಗೆ ಹಳೆಯ ಅಣೆಕಟ್ಟೂ ಮುಳುಗಿತು. ಊರು ಮುಳುಗಿಸಿದ್ದನ್ನೇ ಇನ್ನೊಂದು ಬಂದು ಮುಳುಗಿಸುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ನನ್ನ ಕಣಿವೆಯಲ್ಲಿ ಆ ಅಣೆಕಟ್ಟು ಇರಲೇ ಇಲ್ಲ, ಏಕೆಂದರೆ ನನ್ನ ಹಳೆಯ ನಕ್ಷೆ ಅದಕ್ಕೂ ಹಿಂದಿನದು. ಅದೇ ರಾತ್ರಿ ರಟ್ಟಿನ ಪಟ್ಟಿಯೊಂದನ್ನು ಕೊಯ್ದು ಕೂರಿಸಿದೆ. ಹೆಚ್ಚುವರಿ ನೀರನ್ನು ತಾನಾಗಿ ಹೀರಿ ಆಚೆ ಬಿಡಲು ಅಲ್ಲಿ ಇಂಜಿನಿಯರ್ ಗಣೇಶ್ ಅಯ್ಯರ್ ವಿನ್ಯಾಸದ ಸೈಫನ್‌ಗಳಿವೆ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅವುಗಳ ದುಂಡು ಬಾಯಿಗಳು ಸಾಲಾಗಿ ಮೇಲೇಳುತ್ತವೆ, ಜನ ಜಾತ್ರೆಗೆಂಬಂತೆ ನೋಡಲು ಹೋಗುತ್ತಾರೆ. ಅವುಗಳಿಗೆ ಐದು ಸಾಸಿವೆ ಕಾಳು ಅಂಟಿಸಿದೆ. ಪ್ರಮಾಣದ ಪ್ರಕಾರ ಒಂದೊಂದು ಸಾಸಿವೆಯೂ ನೂರು ಮೀಟರ್ ಅಗಲದ ಸೈಫನ್. ಇರಲಿ.

ಸಿಗಂದೂರು ಸೇತುವೆಗೆ ಒಂದು ಬೆಂಕಿಕಡ್ಡಿ ಸಾಕಾಯಿತು. 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ, ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ಅದು. ಅದಕ್ಕೆ ಮೊದಲು ಅಲ್ಲಿ ಲಾಂಚ್‌ಗೆ ಕಾಯಬೇಕಿತ್ತು. ಕಡ್ಡಿಯನ್ನು ಅಂಟಿಸಿದ್ದು ಅಕ್ರಿಲಿಕ್ ಮೇಲೆ, ಹಾಗಾಗಿ ನೀರನ್ನು ಎತ್ತಿದರೆ ಸೇತುವೆಯೂ ಜೊತೆಗೆ ಬರುತ್ತದೆ. ಲಾಂಚ್ ಹತ್ತುತ್ತಿದ್ದ ಜಾಗದ ಹೆಸರು ಹೊಳೆಬಾಗಿಲು. ದೊಡ್ಡಪ್ಪ ಈಗಲೂ ಹಿನ್ನೀರು ಎನ್ನುವುದಿಲ್ಲ, ಹೊಳೆ ಎನ್ನುತ್ತಾರೆ.

ಜನವರಿ 11, ಭಾನುವಾರ

ಜೋಗ. 253 ಮೀಟರ್, ಹದಿಮೂರು ರಟ್ಟುಗಳ ಅಂಚು ಒಂದೇ ನೇರದಲ್ಲಿ ಬರಬೇಕು. ಒಂದೊಂದಾಗಿ ಕತ್ತರಿಸಿ ಜೋಡಿಸಿದರೆ ಹಲ್ಲು ಹಲ್ಲಾಗಿ ನಿಂತಿತು. ಕೊನೆಗೆ ಹದಿಮೂರನ್ನೂ ಮೊದಲು ಅಂಟಿಸಿ, ಒಣಗಿಸಿ, ಕಟ್ಟಾಗಿ ಕೊಯ್ದು ಉಪ್ಪುಕಾಗದದಿಂದ ತೀಡಿದೆ. 1856ರಲ್ಲಿ ಇಬ್ಬರು ನೌಕಾ ಅಧಿಕಾರಿಗಳು ಹಗ್ಗ ಬಿಟ್ಟು ಇದನ್ನು ಅಳೆದು 830 ಅಡಿ ಎಂದಿದ್ದರು, ಕೆಳಗಿನ ಗುಂಡಿ 132 ಅಡಿ ಆಳ ಎಂದೂ ಬರೆದಿಟ್ಟರು. 830 ಅಡಿಯನ್ನು ಮೀಟರಿಗೆ ತಿರುಗಿಸಿದರೆ 253 ಬರುತ್ತದೆ. ನಾವು ಇಂದಿಗೂ ಹೇಳುತ್ತಿರುವುದು ಆ ಹಗ್ಗದ ಲೆಕ್ಕವನ್ನೇ.

ನಾಲ್ಕು ಕವಲುಗಳನ್ನು ತೋರಿಸಲು ಜಾಗವೆಲ್ಲಿ? ಇಡೀ ಅಂಚು ಕೆಲವೇ ಮಿಲಿಮೀಟರ್. ನೀಲಿ ನೂಲಿನ ತುದಿಯನ್ನೇ ಬಿಚ್ಚಿದೆ, ಅದೃಷ್ಟವಶಾತ್ ಅದು ನಾಲ್ಕೆಳೆಯ ನೂಲು. ರಾಜಾ ನೆಟ್ಟಗೆ ಇಳಿಯಿತು. ರೋರರ್ ಪಕ್ಕದಿಂದ ನುಗ್ಗಿ ಅರ್ಧದಲ್ಲಿ ರಾಜಾಕ್ಕೆ ಅಂಟಿಕೊಂಡಿತು, ನಿಜದಲ್ಲೂ ಹಾಗೆಯೇ. ರಾಕೆಟ್ ಎಳೆ ಮಾತ್ರ ಬಂಡೆಗೆ ತಾಗದೆ ಹೊರಗೆ ಚಾಚಿಕೊಂಡಿದೆ, ಫೆವಿಕಾಲ್ ಹಚ್ಚಿದರೂ ಕೇಳುವುದಿಲ್ಲ. ಆ ಹೆಸರಿನವರು ಹಾಗೆಯೇ ಇರಬೇಕೇನೋ. ರಾಣಿ ಎಳೆ ಬಂಡೆಯ ಮೇಲೆ ಜಾರಿಕೊಂಡು ಕೂತಿತು.

ಇಷ್ಟೆಲ್ಲ ಮಾಡಿದ ಮೇಲೆ ಒಪ್ಪಿಕೊಳ್ಳಬೇಕಾದ ಮಾತು: ಮಳೆಗಾಲ ಬಿಟ್ಟರೆ ಶರಾವತಿಯ ಹೆಚ್ಚಿನ ನೀರು ಈ ದಾರಿಯಲ್ಲಿ ಬೀಳುವುದೇ ಇಲ್ಲ. ಅದು ಲಿಂಗನಮಕ್ಕಿಯಿಂದ ತಳಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಹತ್ತು ಘಟಕಗಳು, 1035 ಮೆಗಾವಾಟ್. ತಳಕಳಲೆಯ ಮಟ್ಟ 522 ಮೀಟರ್, ಕೆಳಗಿನ ಗೇರುಸೊಪ್ಪೆ ಜಲಾಶಯದ್ದು 55 ಮೀಟರ್. ಜಲಪಾತದ ಎತ್ತರಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು ಇಳಿತ, ಅದೂ ಸದ್ದಿಲ್ಲದೆ, ಯಾರ ಕಣ್ಣಿಗೂ ಬೀಳದೆ. ದಪ್ಪ ನೂಲು ಕೊಳವೆಗೂ ಬಿಚ್ಚಿದ ಎಳೆ ಜೋಗಕ್ಕೂ ಹೋದದ್ದು ಕೊನೆಗೆ ನ್ಯಾಯವೇ ಆಯಿತು.

ಜನವರಿ 25, ಭಾನುವಾರ

ಗೇರುಸೊಪ್ಪೆಯಿಂದ ಕೆಳಗೆ ರಟ್ಟಿನ ಕೆಲಸವೇ ಇಲ್ಲದಷ್ಟು ಸಪಾಟು. ಸುಮಾರು 29 ಕಿ.ಮೀ. ದೂರಕ್ಕೆ ನದಿಗೆ ಒಂದು ರಟ್ಟಿನ ಇಳಿಜಾರೂ ಸಿಗುವುದಿಲ್ಲ. ಹಿಂದೆ ದೋಣಿಗಳು ಹೊನ್ನಾವರದಿಂದ ಇಲ್ಲಿಯವರೆಗೆ ಬರುತ್ತಿದ್ದವು. ಇದರಿಂದಲೇ ಗೇರುಸೊಪ್ಪೆ ಪಟ್ಟಣವಾಯಿತು ಎಂದು ನನಗನ್ನಿಸುತ್ತದೆ. ಘಟ್ಟದಿಂದ ಇಳಿದ ಎತ್ತಿನ ಹೇರು ಮುಗಿದು ದೋಣಿ ಶುರುವಾಗುವ ಜಾಗ ಅದು. 1552ರಿಂದ 1606ರವರೆಗೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದರು. ಕೊನೆಗೆ ಅವಳನ್ನು ಸೋಲಿಸಿದವರು ಘಟ್ಟದ ಮೇಲಿನ ಕೆಳದಿಯವರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ ಇದೇ ಹೊಳೆಯಲ್ಲಿ ದೋಣಿಯೇರಿ ಬಂದು, ಗೇರುಸೊಪ್ಪೆಯಲ್ಲಿ ಇಳಿದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ನಾಲ್ಕೂ ದಿಕ್ಕಿಗೆ ಬಾಗಿಲಿರುವ ಚತುರ್ಮುಖ ಬಸದಿ ನಗರಬಸ್ತಿಕೇರಿಯ ಕಾಡಿನ ನಡುವೆ ಈಗಲೂ ನಿಂತಿದೆ. ಅದಕ್ಕೊಂದು ಗುಂಡುಸೂಜಿ ಚುಚ್ಚಿದ್ದೇನೆ.

ಅಳಿವೆಗೆ ಬಣ್ಣ ಹಚ್ಚುವಾಗ ಮತ್ತೆ ತಡವರಿಸಿದೆ. ಉಪ್ಪುನೀರಿಗೆ ಹಸಿರು ಛಾಯೆ ಕೊಡಬೇಕೆಂದಿದ್ದೆ. ಆದರೆ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಬರುವುದರಿಂದ ಇಲ್ಲಿ ಉಪ್ಪು ತಗ್ಗಿದೆ. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಇರುವಂಥ ಬಳಚಿನ (ಚಿಪ್ಪುಮೀನಿನ) ಸಮೃದ್ಧಿ ಇಲ್ಲಿಲ್ಲ. ಹಸಿರನ್ನು ಹೊನ್ನಾವರದ ಸೇತುವೆಗಳ ಆಚೆಗೇ ನಿಲ್ಲಿಸಿದೆ.

ಉಳಿದಿರುವುದು ಮಾವಿನಕುರ್ವೆ ನಡುಗಡ್ಡೆ, ಹೊನ್ನಾವರದ ಅಳಿವೆ ಬಾಯಿ, ಮತ್ತು ದೊಡ್ಡಪ್ಪನ ಕೆಳಗದ್ದೆಗೆ ಬೇಕಾದ ಎರಡನೆಯ, ಚಿಕ್ಕ ಅಕ್ರಿಲಿಕ್ ತುಂಡು. ಮಾವಿನಕುರ್ವೆಗೆ ಒಂದೇ ರಟ್ಟು. ಇವತ್ತು ಬೆಳಿಗ್ಗೆ ಅಂಟಿಸಿದ್ದೇನೆ, ಮೇಲೆ ಎರಡು ಇಟ್ಟಿಗೆ ಇದೆ, ನಾಳೆ ಸಂಜೆಯವರೆಗೆ ತೆಗೆಯುವ ಹಾಗಿಲ್ಲ.