ಮೂರನೆಯ ಫಿಲ್ಟರ್

"ಅಪ್ಪಾ, ನನ್ನ ಸೀಟಿನ ಪಕ್ಕ ಏನೋ ಬುಸ್ ಅಂತಿದೆ" ಎಂದು ಮಗಳು ವಾರದಿಂದ ಹೇಳುತ್ತಲೇ ಇದ್ದಳು. ಎಸಿ ಸದ್ದು ಇರಬೇಕು, ಸುಮ್ನೆ ಕೂತ್ಕೋ ಅಂದಿದ್ದೆ.

ಪೆಟ್ರೋಲ್ ಇಂಜಿನ್ ಜೊತೆಗೆ ದೊಡ್ಡ ಬ್ಯಾಟರಿಯೂ ಇರುವ ಹೈಬ್ರಿಡ್ ಕಾರು ತೆಗೆದುಕೊಂಡ ಮೇಲೆ ಗಾಳಿ ಫಿಲ್ಟರ್‌ಗಳನ್ನು ನಾನೇ ಬದಲಾಯಿಸಬೇಕು ಎನ್ನೋದು ನನ್ನ ಹಠ. ಕಷ್ಟದ ಕೆಲಸವೇನಲ್ಲ. ಇಂಜಿನ್‌ಗೊಂದು, ಕ್ಯಾಬಿನ್‌ಗೊಂದು, ಎರಡೇ ಅಲ್ವಾ? ಕಾರಿನ ಹೆಸರು, ವರ್ಷ ಹಾಕಿ ಆನ್‌ಲೈನ್‌ನಲ್ಲಿ ಎರಡನ್ನೂ ತರಿಸಿಕೊಂಡೆ.

ಕ್ಯಾಬಿನ್ ಫಿಲ್ಟರ್ ಸಲೀಸಾಗಿ ಮುಗಿಯಿತು. ಗ್ಲೌವ್ ಬಾಕ್ಸ್ ಬಿಚ್ಚಿ ಹಳೆಯದನ್ನು ಎಳೆದರೆ, ಮಡಿಕೆಗಳ ನಡುವೆ ಒಣ ಎಲೆ ಚೂರು, ಯಾವುದೋ ಹುಳದ ರೆಕ್ಕೆ. ಬಾಣದ ಗುರುತು ಯಾವ ಕಡೆಗಿತ್ತು ಎಂದು ಮೊದಲೇ ಫೋಟೋ ತೆಗೆದಿಟ್ಟುಕೊಂಡಿದ್ದೆ. ಅಷ್ಟು ಬುದ್ಧಿ ಇತ್ತು.

ಎಡವಟ್ಟಾಗಿದ್ದು ಬಾನೆಟ್ ಎತ್ತಿದ ಮೇಲೆ. ಹೊಸ ಇಂಜಿನ್ ಫಿಲ್ಟರ್ ಡಬ್ಬಿಯೊಳಗೆ ಕೂತಿತು, ಆದರೆ ಒಂದು ಬದಿಯಲ್ಲಿ ಕಿರುಬೆರಳು ತೂರುವಷ್ಟು ಸಂದು. ಮುಚ್ಚಳ ಹಾಕಿ ಕ್ಲಿಪ್ ಒತ್ತಿದರೆ ಅದೂ ಕೂತುಬಿಟ್ಟಿತು! ನೋಡಿದವರಿಗೆ ಎಲ್ಲ ಸರಿಯಾಗಿದೆ ಅಂತಲೇ ಅನಿಸಬೇಕು. ಆದರೆ ಫಿಲ್ಟರಿನ ರಬ್ಬರ್ ಅಂಚು ಸುತ್ತಲೂ ಒತ್ತಿ ಕೂರದಿದ್ದರೆ ಧೂಳು ಕಾಗದದ ಮೂಲಕ ಯಾಕೆ ಹೋಗುತ್ತೆ, ಸಂದಿನಲ್ಲೇ ನುಗ್ಗಿ ನೇರವಾಗಿ ಇಂಜಿನ್ ಸೇರುತ್ತೆ. ಅಂಥ ಫಿಲ್ಟರ್‌ಗಿಂತ ಹಳೆಯ ಕೊಳಕೇ ವಾಸಿ ಎಂದು ಅದನ್ನೇ ವಾಪಸ್ ಹಾಕಿದೆ. ನನಗೆ ಬಂದಿದ್ದು ಅದೇ ಹೆಸರಿನ ಪೆಟ್ರೋಲ್ ಕಾರಿನದ್ದು ಎಂದು ಆಮೇಲೆ ತಿಳಿಯಿತು. ಹೆಸರು ಒಂದೇ ಆದರೂ ಇಂಜಿನ್ ಬೇರೆ, ಗಾಳಿ ಡಬ್ಬಿಯೂ ಬೇರೆ. ಪೊಟ್ಟಣ ಒಡೆದಿದ್ದೀರಿ ಎಂದು ಮಾರಿದವರು ವಾಪಸ್ ತಗೊಳ್ಳಲಿಲ್ಲ.

ಕೊನೆಗೆ ಬಿಡಿಭಾಗದವರಿಗೆ ಫೋನ್ ಮಾಡಿದೆ. ಅವರು ಹೆಸರು, ವರ್ಷ ಏನೂ ಕೇಳಲಿಲ್ಲ. "ಚಾಸಿ ನಂಬರ್ ಹೇಳಿ ಸರ್, ಹದಿನೇಳೂ ಅಕ್ಷರ" ಎಂದರು. ಕಾರಿನ ಮುಂದೆ ಬಗ್ಗಿ ನಿಂತು ಓದುತ್ತಾ ಹೋದೆ. ನಡುವೆ "ಓ" ಎಂದೆ.

"ಓ ಅಲ್ಲ ಸರ್, ಸೊನ್ನೆ. ಈ ನಂಬರಲ್ಲಿ ಐ, ಓ, ಕ್ಯೂ ಮೂರೂ ಬರಲ್ಲ. ಒಂದು, ಸೊನ್ನೆ ಜೊತೆ ಗೊಂದಲ ಆಗುತ್ತೆ ಅಂತ ಬಿಟ್ಟಿದ್ದಾರೆ."

ಇಷ್ಟು ವರ್ಷ ಗಾಡಿ ಓಡಿಸಿದ್ದೇನೆ, ಇದು ಗೊತ್ತೇ ಇರಲಿಲ್ಲ. ಆಮೇಲೆ ಅವರು ಮಾಮೂಲಿನಂತೆ ಕೇಳಿದರು: "ಮೂರೂ ಕಳಿಸ್ಲಾ?"

"ಮೂರಾ?"

"ಬ್ಯಾಟರಿ ಫ್ಯಾನಿಂದು ಒಂದಿದೆಯಲ್ಲ ಸರ್. ಹಿಂದಿನ ಸೀಟಿನ ಪಕ್ಕ."

ಮಗಳ ಬುಸ್ ನೆನಪಾಯಿತು.

ಎಲ್ಲ ಹೈಬ್ರಿಡ್‌ಗಳಲ್ಲೂ ಇದು ಇರೋದಿಲ್ಲ. ಆದರೆ ಟೊಯೋಟಾ ಪ್ರಿಯಸ್‌ನಂಥ ಕಾರುಗಳಲ್ಲಿ ದೊಡ್ಡ ಬ್ಯಾಟರಿ ತಣ್ಣಗಾಗೋದು ನಾವು ಕೂತ ಜಾಗದ ಗಾಳಿಯಿಂದಲೇ. ನಮ್ಮದೂ ಹಾಗೆಯೇ. ಫ್ಯಾನ್ ಒಂದು ಜಾಲರಿ ಮೂಲಕ ಗಾಳಿ ಎಳೆದುಕೊಳ್ಳುತ್ತೆ. ದಾರಿ ಕಟ್ಟಿದರೆ ಬ್ಯಾಟರಿ ಬಿಸಿಯಾಗುತ್ತೆ, ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತೆ. ಇನ್ನೂ ಬಿಸಿಯಾದರೆ ಕಾರು ತಾನೇ ಬ್ಯಾಟರಿಯ ಬಳಕೆ ತಗ್ಗಿಸುತ್ತೆ. ನಾವು ಮಾತ್ರ ಮೈಲೇಜ್ ಯಾಕೆ ಬಿತ್ತು ಎಂದು ತಲೆ ಕೆರೆದುಕೊಳ್ಳುತ್ತಿರುತ್ತೇವೆ.

ಹಿಂದಿನ ಬಾಗಿಲು ತೆಗೆದು ನೋಡಿದೆ. ಜಾಲರಿ ಕಾಣಿಸಲೇ ಇಲ್ಲ. ಅದರ ಮೇಲೆ ಮಗಳ ಉಣ್ಣೆ ಹೊದಿಕೆ, ಅದರ ಮೇಲೆ ದಿಂಬು. ಎತ್ತಿಟ್ಟು, ಕಾರು ಆಫ್ ಮಾಡಿ, ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ವೈರ್ ಎಲ್ಲೂ ಕೈಗೆ ಸಿಗೋದಿಲ್ಲ ಎಂದು ಖಾತ್ರಿ ಮಾಡಿಕೊಂಡು ಜಾಲರಿಯನ್ನು ಎಳೆದೆ. ಹಿಂದಿದ್ದ ಫಿಲ್ಟರಿನ ಬಣ್ಣವೇ ತಿಳಿಯುತ್ತಿರಲಿಲ್ಲ. ನೀಲಿ ಉಣ್ಣೆಯ ನವಿರು, ಧೂಳು, ಕೂದಲು ಎಲ್ಲ ಸೇರಿ ಕಂಬಳಿಯ ತುಂಡಿನ ಹಾಗೆ ಹೆಪ್ಪುಗಟ್ಟಿತ್ತು. ಒಂದು ಮೂಲೆ ಹಿಡಿದು ಎಳೆದರೆ ಇಡಿಯಾಗಿ ಸುಲಿದು ಬಂತು.

ಹೊಸ ಫಿಲ್ಟರ್‌ಗಳು ಬಂದವು. ಮೂರೂ ಸರಿಯಾಗಿ ಕೂತವು. ಮೂರರ ನಂಬರನ್ನೂ ಚೀಟಿಯಲ್ಲಿ ಬರೆದು ಗ್ಲೌವ್ ಬಾಕ್ಸ್ ಒಳಗೆ ಅಂಟಿಸಿದ್ದೇನೆ, ಸೊನ್ನೆಗಳಿಗೆ ಅಡ್ಡಗೆರೆ ಹಾಕಿ.

ಹೊದಿಕೆ ಈಗ ಮಗಳ ಇನ್ನೊಂದು ಪಕ್ಕಕ್ಕೆ ಹೋಗಿದೆ. "ನಾನು ಮೊದಲೇ ಹೇಳಿರ್ಲಿಲ್ವಾ?" ಎಂದು ಅವಳು ದಿನಕ್ಕೊಮ್ಮೆಯಾದರೂ ಕೇಳುತ್ತಾಳೆ.