ಅರಬೈಲಿನಲ್ಲಿ ನಿಂತ ಉಪ್ಪಿನ ಲಾರಿ

ಸಾಣಿಕಟ್ಟಾದ ಉಪ್ಪಿಗೆ ಪೊಟ್ಟಣದ ಪುಡಿಯುಪ್ಪಿನ ಬಿಳುಪಿಲ್ಲ. ಅಘನಾಶಿನಿ ಅಳಿವೆಯ ಮಣ್ಣಿನ ಬಣ್ಣ ಹರಳಿಗೂ ಚೂರು ಅಂಟಿರುತ್ತದೆ. ಏಪ್ರಿಲ್ ಬಿಸಿಲಿಗೆ ಆಗರದ ಮಡಿಗಳಲ್ಲಿ ಹರಳುಗಟ್ಟಿದ್ದನ್ನು ಬೆಳಗಿನ ತಂಪಿನಲ್ಲೇ ಎಳೆದು ಗುಡ್ಡೆ ಹಾಕುತ್ತಿದ್ದರು. ನಮ್ಮ ಲಾರಿಗೆ ಹಿಂದಿನ ಸಂಜೆಯೇ ಹತ್ತು ಟನ್ನು ತುಂಬಿ, ಮೇಲೆ ತಾಡಪತ್ರಿ ಬಿಗಿದಾಗಿತ್ತು. ಹುಬ್ಬಳ್ಳಿಗೆ ಮಧ್ಯಾಹ್ನದ ಊಟಕ್ಕೆ ತಲುಪುವುದು ಎಂದು ಕಾಕಾ ಮನೆಗೆ ಫೋನು ಮಾಡಿಯೂ ಹೇಳಿದ್ದರು.

ಲಾರಿ ಟಾಟಾ 1613. ಮೊದಲ ಎರಡು ಅಂಕಿ ಹೊರೆ ಸಮೇತ ಒಟ್ಟು ತೂಕದ ಟನ್ನು, ಕೊನೆಯ ಎರಡಕ್ಕೆ ಸೊನ್ನೆ ಸೇರಿಸಿದರೆ ಅಶ್ವಶಕ್ತಿ. ಆ ಕಾಲದ ಟಾಟಾ ಲಾರಿಗಳ ಹೆಸರನ್ನು ಹಾಗೆ ಓದಬೇಕು. ಮೂತಿ ಮುಂದೆ ಚಾಚಿದ ಈ ಬಗೆಯ ಲಾರಿಯನ್ನು ನಮ್ಮ ಅಜ್ಜ ಕೊನೆಯವರೆಗೂ ‘ಬೆಂಝ್’ ಎಂದೇ ಕರೆಯುತ್ತಿದ್ದರು. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಸೇರಿ ಟಾಟಾದವರು ಲಾರಿ ಕಟ್ಟಲು ತೊಡಗಿದ ಕಾಲದ ನೆನಪು ಅದು. ಆರು ಸಿಲಿಂಡರು, ಪಕ್ಕದಲ್ಲಿ ಸಿಲಿಂಡರುಗಳಿಗೆ ಡೀಸೆಲ್ ಚಿಮ್ಮಿಸುವ ಉದ್ದನೆಯ ಮೈಕೋ ಪಂಪು. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಲಾರಿಯವರ ಬಾಯಲ್ಲಿ ಮಾತ್ರ ಪಂಪು ಇಂದಿಗೂ ಮೈಕೋ ಪಂಪೇ. ಎಲೆಕ್ಟ್ರಾನಿಕ್ ಪೆಟ್ಟಿಗೆಯಿಲ್ಲದ ಈ ಎಂಜಿನ್ ಮೇಲೆ ಕಾಕಾ ಅವರಿಗಿರುವ ಪ್ರೀತಿ ನನಗೂ ಇದೆ. ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ.

ಆ ಬೆಳಿಗ್ಗೆ ಐದು ಸಲ ಸೆಲ್ಫ್ ಹೊಡೆದ ಮೇಲೆಯೇ ಎಂಜಿನ್ ಎದ್ದಿತು. ಎದ್ದ ಮೇಲೂ ಒಂದು ನಿಮಿಷ ಕೆಮ್ಮಿತು.

“ರಾತ್ರಿ ಎಲ್ಲಿಂದಲೋ ಗಾಳಿ ಹೊಕ್ಕಿದೆ” ಎಂದರು ಕಾಕಾ.

ಒಂದು ತಿಂಗಳ ಹಿಂದೆ ದಾರಿಬದಿಯ ಗ್ಯಾರೇಜೊಂದರಲ್ಲಿ ಡೀಸೆಲ್ ಫಿಲ್ಟರ್ ಬದಲಿಸಿದ್ದರು. ಅಂದಿನಿಂದ ಅದರ ಬುಡದಲ್ಲಿ ಒಂದೊಂದು ಹನಿ. ಮತ್ತೆ ಅಲ್ಲಿಗೇ ಹೋದಾಗ ಪಾನಾಕ್ಕೆ ಕೊಳವೆ ಸಿಕ್ಕಿಸಿ ಬಲವಾಗಿ ಬಿಗಿದು ಕಳುಹಿಸಿದ್ದರು. ಎರಡು ದಿನ ಹನಿ ನಿಂತಿತ್ತು, ಮೂರನೆಯ ದಿನ ಮರಳಿತ್ತು. ಹುಬ್ಬಳ್ಳಿ ತಲುಪಿ ನೋಡಿದರಾಯಿತು ಎಂದು ಹೊರಟೆವು.

ಬಾಳೆಗುಳಿಯಲ್ಲಿ ಕರಾವಳಿಯ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದರೆ ಹುಬ್ಬಳ್ಳಿ ರಸ್ತೆ. ಹಿಲ್ಲೂರು, ಸುಂಕಸಾಳ, ರಾಮನಗುಳಿ. ರಸ್ತೆಗೆ ಜೊತೆಯಾಗಿ ಗಂಗಾವಳಿ. ಮೇಲೆ ಘಟ್ಟದಲ್ಲಿ ಬೇಡ್ತಿ ಎನಿಸಿಕೊಂಡ ಹೊಳೆಯೇ ಕೆಳಗಿಳಿದು ಗಂಗಾವಳಿಯಾಗುತ್ತದೆ. ಬೇಸಗೆಯಲ್ಲಿ ಬಂಡೆಗಳ ನಡುವೆ ತೆಳ್ಳಗೆ ಹರಿಯುವ ಈ ನೀರು 2021ರ ಜುಲೈನಲ್ಲಿ ಗುಳ್ಳಾಪುರದ ಸೇತುವೆಯನ್ನೇ ಎಳೆದೊಯ್ದಿತ್ತು. ಅದೇ ಮಳೆಗೆ ಮುಂದಿನ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗಿತ್ತು. ಬಳ್ಳಾರಿ ಸೀಮೆಯ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಇಳಿಯುತ್ತಿದ್ದದ್ದೂ ಇದೇ ದಾರಿಯಲ್ಲಿ. ಆಗ ಇಲ್ಲಿನ ಗಿಡಗಳ ಎಲೆಯೂ ಕೆಂಪು ಎಂದು ಕಾಕಾ ಹೇಳಿದರು.

ಗುಳ್ಳಾಪುರ ದಾಟಿ ಘಟ್ಟ ಏರತೊಡಗಿದಾಗ ಮೊದಲು ಬಂದದ್ದು ವಾಸನೆ. ಎರಡನೆಯ ಗೇರಿನಲ್ಲಿ ಎಂಜಿನ್ ಒದರುತ್ತಿತ್ತು, ಕಾಲಡಿಯಿಂದ ಹಸಿ ಡೀಸೆಲಿನ ಘಾಟು. ಎರಡು ತಿರುವು ಕಳೆಯಿತು. ಹಿಂದಿನಿಂದ ಬಂದ ಬೈಕಿನವನು ನಮ್ಮನ್ನು ದಾಟುತ್ತ ಕೈ ಬೀಸಿ ಕೆಳಗೆ ತೋರಿಸಿದ. ಕನ್ನಡಿಯಲ್ಲಿ ನೋಡಿದರೆ ಡಾಂಬರಿನ ಮೇಲೆ ನಮ್ಮ ಹಿಂದೆಯೇ ಕಪ್ಪು ಗೆರೆ.

ಮುಂದಿನ ತಿರುವಿನಾಚೆ ರಸ್ತೆ ತುಸು ಅಗಲವಿತ್ತು. ಕಾಕಾ ಲಾರಿಯನ್ನು ಪೂರ್ತಿ ಅಂಚಿಗೆ ಒತ್ತಿ ನಿಲ್ಲಿಸಿದರು. ಎಂಜಿನ್ ಆರುವ ಮೊದಲೇ ಕ್ಲೀನರ್ ಹುಡುಗ ಕೆಳಗೆ ಹಾರಿ ಹಿಂದಿನ ಗಾಲಿಗಳಿಗೆ ಕಟ್ಟಿಗೆಯ ಅಡೆ ಕೊಟ್ಟ. ನಂತರ ಸೊಪ್ಪಿನ ಟೊಂಗೆ ಮುರಿದುಕೊಂಡು ತಿರುವಿನ ಕೆಳಗಿನವರೆಗೂ ಓಡಿ, ಕಲ್ಲಿಟ್ಟು ಟೊಂಗೆ ನಿಲ್ಲಿಸಿ ಬಂದ. ಡ್ರೈವರುಗಳಿಗೆ ಬೇರೆ ಮಾತು ಬೇಡ, ರಸ್ತೆಯಲ್ಲಿ ಹಸಿರು ಟೊಂಗೆ ಕಂಡರೆ ಮುಂದೆ ಗಾಡಿ ನಿಂತಿದೆ ಎಂದರ್ಥ.

“ಮೊದಲು ಮಣ್ಣು” ಎಂದರು ಕಾಕಾ. ನಾವಿಬ್ಬರೂ ಬುಟ್ಟಿ ಹಿಡಿದು ಕೆಳಗೆ ಇಳಿದೆವು. ಗುಡ್ಡದ ಬದಿಯ ಒಣ ಮಣ್ಣನ್ನು ಬಗೆದು ಡೀಸೆಲ್ ಬಿದ್ದ ಗೆರೆಯ ಮೇಲೆ, ಮುಖ್ಯವಾಗಿ ತಿರುವಿನ ಒಳಮಗ್ಗುಲಲ್ಲಿ, ದಪ್ಪಗೆ ಎರಚಿದೆವು. ಹೀರಿಕೊಂಡ ಮೇಲೆ ಆ ಮಣ್ಣನ್ನು ಗುಡಿಸಿ ತೆಗೆದು ಮತ್ತೆ ಹೊಸ ಮಣ್ಣು. ಡೀಸೆಲ್ ನೀರಿನಂತೆ ಆರಿಹೋಗುವುದಿಲ್ಲ. ಘಟ್ಟದ ತಿರುವಿನಲ್ಲಿ ಅದರ ಮೇಲೆ ಬೈಕಿನ ಗಾಲಿ ಬಿದ್ದರೆ ಸವಾರ ನೆಲಕ್ಕೆ. ನಮ್ಮ ಫಿಲ್ಟರಿನ ಹನಿಗೆ ಯಾರದೋ ಮನೆಯ ಮಗ ಬೀಳಬಾರದು. ಈ ಕೆಲಸಕ್ಕೆ ಮುಕ್ಕಾಲು ಗಂಟೆ ಹೋಯಿತು. ಅದು ಆಗಲೇಬೇಕಾದ ಕೆಲಸ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಆಮೇಲೆ ಬಾನೆಟ್ ಎತ್ತಿದೆವು.

ಅಲ್ಯೂಮಿನಿಯಮ್ಮಿನ ಒಂದು ತಲೆ, ಅದಕ್ಕೆ ಕೆಳಗಿನಿಂದ ಜೋತ ಎರಡು ಬಟ್ಟಲು. ಒಂದರೊಳಗೆ ಬಟ್ಟೆ ಫಿಲ್ಟರು, ಇನ್ನೊಂದರೊಳಗೆ ಪೇಪರ್ ಫಿಲ್ಟರು. ದಪ್ಪ ಕಸ ಮೊದಲನೆಯದರಲ್ಲಿ ನಿಲ್ಲುತ್ತದೆ, ನುಣ್ಣನೆಯದು ಎರಡನೆಯದರಲ್ಲಿ. ಪ್ರತಿ ಬಟ್ಟಲಿಗೂ ತಲೆಯ ಮೇಲಿನಿಂದ ಇಳಿಯುವ ಒಂದು ಉದ್ದ ಬೋಲ್ಟು. ಅದರ ಅಡಿಯಲ್ಲಿ ತಾಮ್ರದ ವಾಷರ್. ಬಟ್ಟಲಿನ ಬಾಯಿ ತಲೆಗೆ ಕೂಡುವಲ್ಲಿ ರಬ್ಬರಿನ ಬಳೆ. ಹನಿ ಕಾಣುತ್ತಿದ್ದದ್ದು ಎರಡನೆಯ ಬಟ್ಟಲಿನ ತಳದಲ್ಲಿ. ತಳದ ಬಿರಡೆ ಸಡಿಲವಾಗಿದೆ ಎಂದುಕೊಂಡು ನಾನು ಪಾನಾ ಹಿಡಿದೆ.

ಕಾಕಾ ನನ್ನ ಮಣಿಕಟ್ಟು ಹಿಡಿದು ತಡೆದರು. “ಹನಿ ಕಂಡಲ್ಲಿ ಪಾನಾ ಹಾಕಬೇಡ. ಮೊದಲು ಒರೆಸು.”

ಹಳೆಯ ಧೋತರದ ತುಂಡಿನಿಂದ ತಲೆ, ಬಟ್ಟಲು, ಸಂದುಗಳನ್ನೆಲ್ಲ ಒರೆಸಿದೆ. ಎರಡನೆಯ ಬಟ್ಟೆಯಿಂದ ಇನ್ನೊಮ್ಮೆ. ಕೈಗೆ ಏನೂ ಅಂಟದಷ್ಟು ಒಣಗಿದ ಮೇಲೆ ಪಂಪಿನ ಪಕ್ಕದ ಹ್ಯಾಂಡ್ ಪಂಪಿನ ಗುಂಡಿ ತಿರುಗಿಸಿ ಬಿಚ್ಚಿ, ಮೆಲ್ಲಗೆ ಒತ್ತತೊಡಗಿದೆ. ಹುಡುಗ ಮೊಬೈಲಿನ ಬೆಳಕು ಹಿಡಿದ. ಎಂಟನೆಯದೋ ಒಂಬತ್ತನೆಯದೋ ಒತ್ತಿಗೆ ಬಟ್ಟಲಿನ ಬಾಯಂಚಿನಲ್ಲಿ ಕೂದಲಿನಷ್ಟು ಸಣ್ಣ ಹೊಳಪು ಕಂಡಿತು. ಅದು ಉದ್ದವಾಗಿ, ದುಂಡಗಾಗಿ, ಬಟ್ಟಲಿನ ಮೈಗುಂಟ ಜಾರಿ ತಳದ ಬಿರಡೆಗೆ ಬಂದು ತೂಗಿತು. ಮೇಲಿನ ಬೋಲ್ಟಿನ ಸುತ್ತಲೂ ಅಂಥದೇ ಇನ್ನೊಂದು ಉಂಗುರ ಒಸರಿತು. ಬಿರಡೆಯ ತಪ್ಪೇನೂ ಇರಲಿಲ್ಲ.

“ಟ್ಯಾಂಕಿನಿಂದ ಎಳೆದ ಡೀಸೆಲನ್ನು ಫೀಡ್ ಪಂಪು ಇಲ್ಲಿಗೆ ತಳ್ಳುತ್ತದೆ” ಎಂದರು ಕಾಕಾ. “ಎಂಜಿನ್ ಓಡುವಾಗ ಇಲ್ಲಿ ಒತ್ತಡ, ಡೀಸೆಲ್ ಹೊರಗೆ ಬರುತ್ತದೆ. ರಾತ್ರಿ ನಿಂತಾಗ ಡೀಸೆಲ್ ಇಳಿಯುತ್ತದೆ, ಅದೇ ಸಂದಿನಿಂದ ಗಾಳಿ ಒಳಗೆ ಬರುತ್ತದೆ.” ಬೆಳಗಿನ ಐದು ಸೆಲ್ಫಿಗೆ ಅರ್ಥ ಸಿಕ್ಕಿತು.

ಕೆಳಗೆ ಡಬ್ಬಿ ಹಿಡಿದು ಬಟ್ಟಲು ಬಿಚ್ಚಿದೆವು. ತಳದಲ್ಲಿ ತುಕ್ಕಿನ ಪುಡಿ. ಡೀಸೆಲಿನ ಕೆಳಗೆ ಪಾದರಸದಂತೆ ಓಡಾಡುವ ನಾಲ್ಕಾರು ನೀರಿನ ಗುಂಡು. ವರ್ಷಗಟ್ಟಲೆ ಉಪ್ಪು ಹೊತ್ತ ಲಾರಿಯ ಟ್ಯಾಂಕಿನಲ್ಲಿ ತುಕ್ಕು ಇಲ್ಲದಿದ್ದರೇ ಆಶ್ಚರ್ಯ. ಕಾಕಾ ಫಿಲ್ಟರಿನ ತಲೆಯ ತೋಡಿನಲ್ಲಿ ಬೆರಳಾಡಿಸಿ ರಬ್ಬರಿನ ಬಳೆಯನ್ನು ಬಿಡಿಸಿದರು. ಮೆತ್ತಗಿತ್ತು, ಹೊಸದೇ. ಒಂದು ಕಡೆ ಮಾತ್ರ ಒತ್ತಿ ಹೊರಳಿತ್ತು. ಮತ್ತೆ ಬೆರಳಾಡಿಸಿದವರು ಸುಮ್ಮನಾದರು. “ದಬ್ಬಣ ಕೊಡು” ಎಂದರು.

ದಬ್ಬಣದ ತುದಿಗೆ ಎದ್ದು ಬಂದದ್ದು ಇನ್ನೊಂದು ಬಳೆ. ಕಪ್ಪಗೆ, ಚಪ್ಪಟೆಯಾಗಿ, ತೋಡಿಗೇ ಬಣ್ಣ ಬಳಿದಂತೆ ಅಂಟಿಕೊಂಡಿತ್ತು. ಬೆರಳಲ್ಲಿ ಬಾಗಿಸಿದರೆ ಸಣ್ಣ ಸದ್ದು ಮಾಡಿ ಮುರಿಯಿತು. ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರು. ಎರಡು ಬಳೆ ಒಂದರ ಮೇಲೊಂದು ಇದ್ದರೆ ಬಟ್ಟಲು ತೋಡಿನಲ್ಲಿ ನೆಟ್ಟಗೆ ಕೂರುವುದಿಲ್ಲ. ಆ ಸೋರಿಕೆ ನಿಲ್ಲಲಿ ಎಂದು ಬಿಗಿದರು, ಬಿಗಿದದ್ದಕ್ಕೆ ಬೋಲ್ಟಿನಡಿಯ ತಾಮ್ರದ ವಾಷರ್ ಜಜ್ಜಿ ಅಲ್ಲಿಯೂ ಸೋರಿತು. ಆ ಕೆಲಸಕ್ಕೆ ಬೇಕಿದ್ದದ್ದು ಒಂದು ದಬ್ಬಣ, ಎರಡು ನಿಮಿಷ. ಅದನ್ನು ಕೊಡದೆ ಗಾಡಿಯನ್ನು ಘಟ್ಟಕ್ಕೆ ಕಳುಹಿಸಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಹೊಸ ಬಳೆ ಉಳಿಯಿತು. ಬಿಸಿಲಿಗಿಟ್ಟರೆ ಹೊರಳಿದ್ದು ಸರಿಹೋಯಿತು. ವಾಷರಿಗೆ ಬದಲಿ ಇರಲಿಲ್ಲ. ಯಲ್ಲಾಪುರಕ್ಕೆ ಹೋಗಿ ತರುತ್ತೇನೆ ಎಂದೆ. ಕಾಕಾ ಅದನ್ನು ಅಂಗೈಯಲ್ಲಿಟ್ಟು ತೋರಿಸಿದರು. ಎಂಟಾಣೆಯಷ್ಟು ಅಗಲ, ಮಧ್ಯೆ ರಂಧ್ರ, ಒಂದು ಮುಖದಲ್ಲಿ ಬೋಲ್ಟು ಕೊರೆದ ದುಂಡು ಗೀರು, ಅದನ್ನು ಅಡ್ಡ ಹಾಯ್ದ ಒಂದು ತೆಳು ಗೆರೆ. ಡೀಸೆಲ್ ಬರುತ್ತಿದ್ದ ದಾರಿ ಆ ಗೆರೆ.

“ಪೆಟ್ಟು ತಿಂದ ತಾಮ್ರ ಗಟ್ಟಿಯಾಗುತ್ತದೆ. ಕಾಸಿದರೆ ಮತ್ತೆ ಮೆತ್ತಗಾಗುತ್ತದೆ.”

ಲಾರಿಯಿಂದ ನಲವತ್ತು ಹೆಜ್ಜೆ ದೂರ, ಗಾಳಿಯ ಮೇಲಿನ ಬದಿಗೆ, ಅಡುಗೆಯ ಚಿಕ್ಕ ಗ್ಯಾಸ್ ಒಲೆ ಹಚ್ಚಿದೆವು. ಕೈಯ ಡೀಸೆಲನ್ನು ಸೋಪು ಹಚ್ಚಿ ತೊಳೆದ ಮೇಲೆಯೇ ಬೆಂಕಿಕಡ್ಡಿ. ಇಕ್ಕಳದ ತುದಿಯಲ್ಲಿ ವಾಷರ್. ಮೊದಲು ಕಾಮನಬಿಲ್ಲಿನ ಬಣ್ಣಗಳು ಅಂಚಿನಿಂದ ಓಡಿದವು, ಬಳಿಕ ಕಂದಿತು, ಮರದ ನೆರಳಿನಲ್ಲಿ ಮಾತ್ರ ಕಾಣುವಷ್ಟು ಮಂಕಾದ ಕೆಂಪು ಬಂತು. ಒಂದು ಕ್ಷಣ ಹಾಗೆಯೇ ಹಿಡಿದು ಚೊಂಬಿನ ನೀರಿಗೆ ಬಿಟ್ಟರು. ಚುಂಯ್ ಎಂದಿತು. ತೆಗೆದಾಗ ಮೇಲಿನ ಕಪ್ಪು ಸಿಪ್ಪೆ ಉದುರಿ ಒಳಗಿನ ಗುಲಾಬಿ ತಾಮ್ರ ಇಣುಕುತ್ತಿತ್ತು. ಹಳೆಯ ಕನ್ನಡಿಯ ತುಂಡಿನ ಮೇಲೆ ನುಣ್ಣನೆಯ ಎಮರಿ ಕಾಗದ ಹಾಸಿ, ಒಂದೇ ಬೆರಳಿನ ಭಾರದಲ್ಲಿ ಸುತ್ತುಸುತ್ತಾಗಿ ಉಜ್ಜಿದೆ. ಅಡ್ಡಗೆರೆ ಮಾಯವಾಗಲು ಇಪ್ಪತ್ತು ನಿಮಿಷ ಬೇಕಾಯಿತು. ಉಜ್ಜುವಾಗ ಎದ್ದ ಪುಡಿಯ ಒಂದು ಕಣವೂ ಉಳಿಯದಂತೆ ತೊಳೆದೆ. ಅದು ಮೈಕೋ ಪಂಪಿನೊಳಗೆ ಹೋದರೆ ಮುಂದಿನ ಖರ್ಚು ಸಾವಿರಗಳಲ್ಲಿ.

ಜೋಡಿಸುವಾಗ ಕಾಕಾ ಕೊಳವೆಯನ್ನು ಮುಟ್ಟಲಿಲ್ಲ. ಬಳೆಗೆ ಬೆರಳಿನಿಂದ ಡೀಸೆಲ್ ಸವರಿ, ಬಟ್ಟಲನ್ನು ತೋಡಿನಲ್ಲಿ ಆಚೀಚೆ ಅಲ್ಲಾಡಿಸಿ ಕೂರಿಸಿ, ಗಿಡ್ಡ ಪಾನಾದಿಂದ ಮಣಿಕಟ್ಟಿನ ಬಲದಷ್ಟೇ ಬಿಗಿದರು. ನಂತರ ಗಾಳಿ ತೆಗೆಯುವ ಸರದಿ. ಫಿಲ್ಟರಿನ ತಲೆಯ ಗಾಳಿಸ್ಕ್ರೂ ಸಡಿಲಿಸಿ ನಾನು ಹ್ಯಾಂಡ್ ಪಂಪು ಒತ್ತಿದೆ. ಮೊದಲು ಬುಸ್ಸೆಂದು ಬರೀ ಗಾಳಿ, ಆಮೇಲೆ ಹಾಲು ಉಕ್ಕಿದಂತೆ ನೊರೆ, ನೊರೆಯ ನಡುವೆ ದೊಡ್ಡ ಗುಳ್ಳೆಗಳು. ಹೆಬ್ಬೆರಳು ಸೋಲುವ ಹೊತ್ತಿಗೆ ಗುಳ್ಳೆಯಿಲ್ಲದ ತಿಳಿ ಎಳೆ ಹೊರಟಿತು. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿದರು. ಮೈಕೋ ಪಂಪಿನ ಸ್ಕ್ರೂವಿನಲ್ಲಿಯೂ ಹಾಗೆಯೇ. ಹೊರಬಂದದ್ದೆಲ್ಲ ಡಬ್ಬಿಗೆ.

ಎರಡನೆಯ ಸೆಲ್ಫಿಗೆ ಎಂಜಿನ್ ಎದ್ದಿತು. ಹತ್ತು ನಿಮಿಷ ಓಡಿಸಿ, ಬಾಯಂಚಿಗೂ ಬೋಲ್ಟಿಗೂ ಹಳೆಯ ಪತ್ರಿಕೆಯ ಚೂರು ಒತ್ತಿ ತೆಗೆದೆ. ಕಾಗದಕ್ಕೆ ಕಲೆಯಿಲ್ಲ.

ಹೊರಡುವ ಮೊದಲು ಹುಡುಗನ ಜೊತೆ ನಾನೂ ಇಳಿದು ಹೋಗಿ, ಇಟ್ಟ ಕಲ್ಲುಗಳನ್ನು ಒಂದೂ ಬಿಡದೆ ಎತ್ತಿ ಚರಂಡಿಯಾಚೆ ಹಾಕಿದೆ. ಗಾಡಿ ರಿಪೇರಿಯಾದೊಡನೆ ಕಲ್ಲನ್ನು ನಡುರಸ್ತೆಯಲ್ಲೇ ಬಿಟ್ಟು ಹೋಗುವವರು ಬಹಳ. ರಾತ್ರಿ ಬರುವವನಿಗೆ ಅದು ಹೇಗೆ ಕಾಣಬೇಕು?

ಅರಬೈಲು ಏರಿ, ಇಡಗುಂದಿ ದಾಟಿ ಯಲ್ಲಾಪುರ ಮುಟ್ಟಿದಾಗ ನಾಲ್ಕು ಗಂಟೆ. ಖಾನಾವಳಿಯಲ್ಲಿ ಅನ್ನ ಸಾರು ಉಳಿದಿತ್ತು. ಉಂಡು ಬಂದು ಹುಡುಗ ತಾನಾಗಿಯೇ ಬಾನೆಟ್ ಎತ್ತಿ, ಕಾಗದದ ಚೂರು ಒತ್ತಿ ತಂದು ಕಾಕಾ ಅವರಿಗೆ ತೋರಿಸಿದ. ಅವರು ಅದನ್ನು ಬೆಳಕಿಗೆ ಹಿಡಿದು, ಎರಡೂ ಬದಿ ತಿರುಗಿಸಿ ನೋಡಿ, ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಪೇಟೆಯ ಬಿಡಿಭಾಗದ ಅಂಗಡಿಯಲ್ಲಿ ನಾಲ್ಕು ತಾಮ್ರದ ವಾಷರು, ಒಂದು ಜೊತೆ ಬಳೆ ಕೊಂಡೆವು. ಮುರಿದ ಹಳೆಯ ಬಳೆಯ ತುಂಡುಗಳನ್ನು ಹುಡುಗ ಬಿಸಾಡಿರಲಿಲ್ಲ. ಹುಬ್ಬಳ್ಳಿಯ ದಾರಿಯಲ್ಲಿ ಕಿರವತ್ತಿಯವರೆಗೂ ಅವನ್ನು ಬೆರಳಲ್ಲಿ ಜೋಡಿಸಿ ನೋಡುತ್ತ ಕೂತಿದ್ದ.